ರೈಗೇಟಿನ ಕಂಚು, ಕಾವೆಂಟ್ ಗಾರ್ಡನ್‌ನ ಪರದೆ: ಬ್ಯಾಲೆ ಪ್ರಿಯರಿಗೆ ಲಂಡನ್ನಿನಿಂದ ಒಂದು ದಿನದ ದಾರಿ

ಲಂಡನ್ನಿನ ದಕ್ಷಿಣಕ್ಕೆ, ರೈಲಿನಲ್ಲಿ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ದೂರದಲ್ಲಿ, ಸರ್ರೆ ಸೀಮೆಯಲ್ಲಿ ರೈಗೇಟ್ ಎಂಬ ಸಣ್ಣ ಊರಿದೆ. ಇಂಗ್ಲಿಷ್ ಅಕ್ಷರ ನೋಡಿ ಓದಿದರೆ ‘ರೀಗೇಟ್’ ಅನ್ನಿಸುತ್ತದೆ. ಊರಿನವರ ಬಾಯಲ್ಲಿ ಅದು ‘ರೈಗೇಟ್’. 1919ರ ಮೇ 18ರಂದು ಇಲ್ಲಿ ಪೆಗ್ಗಿ ಹೂಕಮ್ ಎಂಬ ಹೆಣ್ಣುಮಗು ಹುಟ್ಟಿತು. ಅಪ್ಪ ಇಂಗ್ಲಿಷ್ ಎಂಜಿನಿಯರ್. ಅಮ್ಮನ ರಕ್ತದಲ್ಲಿ ಐರಿಷ್, ಬ್ರೆಜಿಲ್ ಎರಡೂ ಬೆರೆತಿದ್ದವು. ಅಮ್ಮನ ಮನೆತನದ ‘ಫಾಂಟೆಸ್’ ಎಂಬ ಹೆಸರನ್ನೇ ತುಸು ತಿದ್ದಿಕೊಂಡು ಆ ಹುಡುಗಿ ಮುಂದೆ ಬ್ಯಾಲೆಯ ಹೆಸರಾಂತ ನರ್ತಕಿ ಮಾರ್ಗೋ ಫಾಂಟೇನ್ ಆದರು.

ಹೊರಡುವ ಮೊದಲೇ ಒಂದು ಮಾತು ತಿಳಿದಿರಲಿ. ರೈಗೇಟಿನಲ್ಲಿ ಫಾಂಟೇನ್ ಮ್ಯೂಸಿಯಂ ಇಲ್ಲ, ಅವರ ಬ್ಯಾಲೆ ಪಾದರಕ್ಷೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವವರೂ ಇಲ್ಲ. ಅವರು ಬ್ಯಾಲೆ ಕಲಿಯಲು ಶುರುಮಾಡಿದ್ದು ಕೂಡ ಇಲ್ಲಲ್ಲ, ಪಶ್ಚಿಮ ಲಂಡನ್ನಿನ ಈಲಿಂಗ್‌ನಲ್ಲಿ, ನಾಲ್ಕನೇ ವಯಸ್ಸಿನ ಹೊತ್ತಿಗೆ. ರೈಗೇಟಿನಲ್ಲಿ ಇರುವುದು ಒಂದೇ ಒಂದು ಕಂಚಿನ ಪ್ರತಿಮೆ. ಅದೊಂದನ್ನು ನೋಡಿ ಫೋಟೋ ತೆಗೆದು ವಾಪಸ್ಸಾದರೆ ಅರ್ಧ ದಿನ ದಂಡ. ಮೊದಲೇ ಸ್ವಲ್ಪ ಪಾಠ ಮಾಡಿಕೊಂಡು, ದಿನದ ಎರಡು ತುದಿಗೂ ಲಂಡನ್ನಿನ ನರ್ತಕಿ ಪ್ರತಿಮೆಗಳನ್ನು ಸೇರಿಸಿಕೊಂಡು, ರಾತ್ರಿ ನಿಜವಾದ ಪ್ರದರ್ಶನವೊಂದನ್ನು ನೋಡುವಂತೆ ಹೊಂದಿಸಿಕೊಂಡರೆ ಇದು ತುಂಬು ದಿನವಾಗುತ್ತದೆ. ಕೆಳಗಿರುವುದು ಆ ಹೊಂದಾಣಿಕೆ.

ಹಿಂದಿನ ವಾರದ ಪಾಠ

ಪ್ರತಿಮೆ ತೋರಿಸುವುದು ಫಾಂಟೇನ್ ಅವರನ್ನು ಅಲ್ಲ, ಒಂಡೀನ್ ಪಾತ್ರದಲ್ಲಿರುವ ಫಾಂಟೇನ್ ಅವರನ್ನು. ಈ ವ್ಯತ್ಯಾಸ ಗೊತ್ತಿಲ್ಲದೆ ಹೋದರೆ ಅದು ಬರೀ ಒಬ್ಬ ನರ್ತಕಿಯ ಬೊಂಬೆಯಾಗಿ ಕಾಣುತ್ತದೆ. ಹಾಗಾಗಿ ಮನೆಯಲ್ಲೇ ಒಂದೆರಡು ಸಂಜೆ ಕೊಡಿ.

ಒಂಡೀನ್ ಮೂರು ಅಂಕದ ಬ್ಯಾಲೆ. ನೃತ್ಯ ಸಂಯೋಜಕ ಫ್ರೆಡರಿಕ್ ಆಶ್ಟನ್ ಅವರು ಫಾಂಟೇನ್ ಅವರಿಗಾಗಿಯೇ ಕಟ್ಟಿದ್ದು. ಮೊದಲ ಪ್ರದರ್ಶನ 1958ರ ಅಕ್ಟೋಬರ್ 27ರಂದು ಲಂಡನ್ನಿನ ರಾಯಲ್ ಆಪೆರಾ ಹೌಸ್ ಇರುವ ಕಾವೆಂಟ್ ಗಾರ್ಡನ್‌ನಲ್ಲಿ. ಸಂಗೀತ ಜರ್ಮನಿಯ ಹಾನ್ಸ್ ವೆರ್ನರ್ ಹೆಂಟ್ಸೆ ಅವರದು, ವೇಷ ಮತ್ತು ರಂಗಸಜ್ಜಿಕೆ ಲೀಲಾ ದೆ ನೋಬಿಲಿ ಅವರದು. ಕಥೆ ಜಲಕನ್ಯೆಯದು. ಕಾರಂಜಿಯಿಂದ ಎದ್ದು ಬರುವ ಒಂಡೀನ್ ಮನುಷ್ಯಲೋಕದ ಪಲೆಮಾನ್‌ನಿಗೆ ಮನಸೋಲುತ್ತಾಳೆ. ಅವನಿಗೆ ಮೊದಲೇ ಬೆರ್ಟಾ ಎಂಬವಳಿದ್ದಾಳೆ. ಎರಡನೇ ಅಂಕದಲ್ಲಿ ಹಡಗು, ಬಿರುಗಾಳಿ, ಸಮುದ್ರದ ಒಡೆಯ ತಿರೆನಿಯೋನ ಕೋಪ. ಮೂರನೆಯದರಲ್ಲಿ ಪಲೆಮಾನ್ ಬೆರ್ಟಾಳನ್ನು ಕೈಹಿಡಿಯುತ್ತಾನೆ, ಒಂಡೀನ್ ಮರಳಿ ಬರುತ್ತಾಳೆ, ಅವಳು ಕೊಟ್ಟ ಮುತ್ತಿನಿಂದ ಅವನು ಸಾಯುತ್ತಾನೆ. ನಮ್ಮ ಕಡೆ ನಾಗಕನ್ಯೆಯ ಕಥೆಗಳನ್ನು ಕೇಳಿ ಬೆಳೆದವರಿಗೆ ಇದರ ಎಲುಬು ಹೊಸದಲ್ಲ.

ಇದನ್ನೆಲ್ಲ ನೆನಪಿಡದಿದ್ದರೂ ಪರವಾಗಿಲ್ಲ, ಮೊದಲ ಅಂಕದ ನೆರಳಿನ ನೃತ್ಯ ಮಾತ್ರ ತಪ್ಪಿಸಬೇಡಿ. ನೀರಿನಿಂದ ಬಂದವಳಿಗೆ ನೆರಳು ಎಂದರೇನೆಂದು ತಿಳಿಯದು. ಮೊದಲ ಸಲ ತನ್ನ ನೆರಳನ್ನು ಕಂಡು ಬೆಚ್ಚುತ್ತಾಳೆ, ಮುಟ್ಟಲು ಹೋಗುತ್ತಾಳೆ, ತಪ್ಪಿಸಿಕೊಳ್ಳುತ್ತಾಳೆ, ಕೊನೆಗೆ ಅದರ ಜತೆ ಆಡುತ್ತಾಳೆ. ಚಿತ್ರ ನಿರ್ದೇಶಕ ಪಾಲ್ ಝಿನ್ನರ್ ರಾಯಲ್ ಬ್ಯಾಲೆಯ ಮೂರು ಕೃತಿಗಳನ್ನು ಚಿತ್ರೀಕರಿಸಿದಾಗ ಫಾಂಟೇನ್ ಅವರ ಒಂಡೀನ್ ಕೂಡ ಅದರಲ್ಲಿ ಸೇರಿತು. ಆದ್ದರಿಂದ ಊಹಿಸಬೇಕಿಲ್ಲ, ನೋಡಬಹುದು. ಎರಡು ಸಲ ನೋಡಿ. ಮೊದಲ ಸಲ ಹಾಗೇ. ಎರಡನೇ ಸಲ ಶಬ್ದ ಪೂರ್ತಿ ಇಳಿಸಿ, ಕೈ ಮತ್ತು ಕತ್ತು ಮಾತ್ರ ಗಮನಿಸಿ. ಹೆಂಟ್ಸೆಯ ಸಂಗೀತ ಮೊದಲ ಕೇಳ್ವೆಗೆ ಒಗರು. ಚೈಕೋವ್‌ಸ್ಕಿಯ ಹಾಗೆ ಗುನುಗಲು ಬರುವುದಿಲ್ಲ, ಅದಕ್ಕೇ ಬಹಳ ಜನ ಅರ್ಧಕ್ಕೆ ಬಿಡುತ್ತಾರೆ. ಶಬ್ದ ಇಳಿಸಿ ನೋಡಿದರೆ ಆ ತೊಡಕು ದಾಟುತ್ತದೆ.

ದಿನ ಯಾವುದು, ಟಿಕೆಟ್ ಹೇಗೆ

ಮೊದಲು ರಾತ್ರಿಯ ಪ್ರದರ್ಶನದ ದಿನ ಗೊತ್ತುಮಾಡಿ, ಅದರ ಹಿಂದೆ ರೈಗೇಟನ್ನು ಜೋಡಿಸಿ. ತಿರುವುಮುರುವು ಮಾಡಿದರೆ ಊರಿಗೆ ಹೋಗಿ ಬಂದ ದಿನ ರಾಯಲ್ ಆಪೆರಾ ಹೌಸ್‌ನಲ್ಲಿ ಬ್ಯಾಲೆ ಬದಲು ಆಪೆರಾ ಇರುತ್ತದೆ. ಒಂದೇ ರಂಗದಲ್ಲಿ ಎರಡೂ ಸರದಿಯ ಮೇಲೆ ನಡೆಯುವುದರಿಂದ ಇದು ಸಾಮಾನ್ಯ ಎಡವಟ್ಟು. ಪ್ರದರ್ಶನಗಳ ಋತು ಸೆಪ್ಟೆಂಬರ್ ಸುಮಾರಿಗೆ ಶುರುವಾಗಿ ಬೇಸಿಗೆಯ ಹೊತ್ತಿಗೆ ಮುಗಿಯುತ್ತದೆ. ಆಗಸ್ಟಿನಲ್ಲಿ ಬಂದವರಿಗೆ ರೈಗೇಟಿನ ಗುಡ್ಡ ಸಿಗುತ್ತದೆ, ರಂಗದ ಪರದೆ ಸಿಗುವುದಿಲ್ಲ. ಸಂಸ್ಥೆ 2024ರಿಂದ ‘ರಾಯಲ್ ಬ್ಯಾಲೆ ಅಂಡ್ ಆಪೆರಾ’ ಎಂಬ ಹೆಸರಿನಲ್ಲಿದೆ. ಕಟ್ಟಡದ ಹೆಸರು ಮಾತ್ರ ಹಳೆಯದೇ. ಟಿಕೆಟ್ ಹುಡುಕುವಾಗ ಎರಡು ಹೆಸರು ಕಂಡು ಗಾಬರಿಯಾಗಬೇಡಿ.

ಮುಂಚೆಯೇ ಎಲ್ಲ ಮಾರಾಟವಾಗಿ ಹೋಗಿದ್ದರೆ ‘ಫ್ರೈಡೇ ರಶ್’ ಎಂಬುದಿದೆ. ಶುಕ್ರವಾರ ಮಧ್ಯಾಹ್ನ 1 ಗಂಟೆಗೆ ಮುಂದಿನ ವಾರದ ಪ್ರದರ್ಶನಗಳ ಕೆಲವು ಟಿಕೆಟ್‌ಗಳನ್ನು ಆನ್‌ಲೈನ್‌ನಲ್ಲಿ ಬಿಡುತ್ತಾರೆ. ಖಾತೆ ತೆರೆದು, ಕಾರ್ಡ್ ವಿವರ ತುಂಬಿ, ಹತ್ತು ನಿಮಿಷ ಮುಂಚೆಯೇ ಸಾಲಿನಲ್ಲಿರಿ.

ಆಸನದ ವಿಷಯ: ಬ್ಯಾಲೆಗೆ ನೆಲದ ವಿನ್ಯಾಸ ಕಾಣಬೇಕು. ಸ್ಟಾಲ್ಸ್‌ನ (ರಂಗದ ಎದುರಿನ ನೆಲಮಟ್ಟದ ಸಾಲು) ದುಬಾರಿ ಕುರ್ಚಿಯಲ್ಲಿ ಮುಖ ಚೆನ್ನಾಗಿ ಕಾಣುತ್ತದೆ, ಆದರೆ ಸ್ವಾನ್ ಲೇಕ್ ಬ್ಯಾಲೆಯ ಇಪ್ಪತ್ತನಾಲ್ಕು ಹಂಸಗಳು ಸೇರಿ ಬಿಡಿಸುವ ರಂಗೋಲಿ ಕಾಣುವುದಿಲ್ಲ. ಮೇಲಿನ ಆಂಫಿಥಿಯೇಟರಿನ ನಡುಸಾಲು ಕಡಿಮೆ ದುಡ್ಡಿಗೆ ಅದನ್ನು ಕೊಡುತ್ತದೆ. ಬೈನಾಕ್ಯುಲರ್ ಒಯ್ಯಿರಿ, 8 ಪಟ್ಟು ಸಾಕು, 10 ಪಟ್ಟಿನದು ಕೈನಡುಕಕ್ಕೆ ಕುಣಿಯುತ್ತದೆ. ಎರಡೂ ಪಕ್ಕದ ತುದಿಯ ಅಗ್ಗದ ಕುರ್ಚಿಗಳಿಂದ ರಂಗದ ಒಂದು ಮೂಲೆ ಮುಚ್ಚಿಹೋಗುತ್ತದೆ. ನಾಯಕಿ ಆ ಮೂಲೆಯಿಂದಲೇ ಪ್ರವೇಶಿಸುವುದು ಎಂದು ಆಮೇಲೆ ಗೊತ್ತಾಗುತ್ತದೆ.

ಇನ್ನು ರೈಲು. ಶನಿವಾರ ಎಲ್ಲಕ್ಕಿಂತ ಅನುಕೂಲ. ಭಾನುವಾರ ಬೇಡ, ಬ್ರೈಟನ್ ಮುಖ್ಯ ಮಾರ್ಗದಲ್ಲಿ ಹಳಿ ದುರಸ್ತಿಗೆ ರೈಲ್ವೆಯವರು ಆರಿಸಿಕೊಳ್ಳುವುದು ಹೆಚ್ಚಾಗಿ ಅದೇ ದಿನ. ಆಗ ರೈಲಿನ ಬದಲು ಬಸ್ಸು ಬಿಟ್ಟು ಮುಕ್ಕಾಲು ಗಂಟೆಯ ದಾರಿಯನ್ನು ಎರಡು ಗಂಟೆ ಮಾಡುತ್ತಾರೆ. ವಿಕ್ಟೋರಿಯಾ ನಿಲ್ದಾಣದಿಂದ ಈಸ್ಟ್ ಕ್ರಾಯ್ಡನ್, ರೆಡ್‌ಹಿಲ್ ದಾಟಿ ಮುಂದಿನ ನಿಲ್ದಾಣವೇ ರೈಗೇಟ್. ನೇರ ರೈಲು ಸಿಗದಿದ್ದರೆ ರೆಡ್‌ಹಿಲ್‌ನಲ್ಲಿ ಬದಲಿಸಬೇಕು. ರೈಗೇಟಿನ ಪ್ಲಾಟ್‌ಫಾರ್ಮು ಗಿಡ್ಡ, ಉದ್ದನೆಯ ರೈಲು ಅಲ್ಲಿ ನಿಲ್ಲದು. ಆದಕಾರಣ ಹೊರಡುವಾಗ ಫಲಕ ನೋಡಿ ಯಾವ ಬೋಗಿಗಳು ರೈಗೇಟಿಗೆ ಹೋಗುತ್ತವೆ ಎಂದು ಖಚಿತಪಡಿಸಿಕೊಂಡೇ ಹತ್ತಿ. ರೆಡಿಂಗ್, ಗಿಲ್ಡ್‌ಫರ್ಡ್ ಕಡೆ ಇರುವವರು ಲಂಡನ್ ಸುತ್ತಬೇಕಿಲ್ಲ, ನಾರ್ತ್ ಡೌನ್ಸ್ ಮಾರ್ಗದ ರೈಲು ನೇರ ಇಲ್ಲಿಗೇ ಬರುತ್ತದೆ. ಗ್ಯಾಟ್‌ವಿಕ್ ವಿಮಾನ ನಿಲ್ದಾಣವೂ ಹತ್ತಿರ.

ಆಯ್‌ಸ್ಟರ್ ಕಾರ್ಡ್ (ಲಂಡನ್ನಿನ ಪ್ರಯಾಣದ ಕಾರ್ಡ್) ರೆಡ್‌ಹಿಲ್ ವರೆಗೆ ಸಲ್ಲುತ್ತದೆ ಎಂಬುದೇ ಒಂದು ಬಲೆ. ಅದೇ ಧೈರ್ಯದಲ್ಲಿ ಇನ್ನೊಂದು ನಿಲ್ದಾಣ ಮುಂದೆ ಹೋದವರು ಟಿಕೆಟ್ ಇಲ್ಲದ ಪ್ರಯಾಣಿಕರಾಗುತ್ತಾರೆ. ದಂಡ 100 ಪೌಂಡ್ ಮತ್ತು ಪ್ರಯಾಣದ ದರ; 21 ದಿನದೊಳಗೆ ಕಟ್ಟಿದರೆ 50 ಪೌಂಡ್ ಮತ್ತು ದರ. ಗೊಡವೆಯೇ ಬೇಡ, ರೈಗೇಟ್ ಎಂದೇ ಬರೆದಿರುವ ಆಫ್-ಪೀಕ್ ಡೇ ರಿಟರ್ನ್ (ದಟ್ಟಣೆಯಿಲ್ಲದ ಹೊತ್ತಿನಲ್ಲಿ ಅದೇ ದಿನ ಹೋಗಿಬರುವ ಟಿಕೆಟ್) ಕೊಳ್ಳಿ. ಮೂವರಿಂದ ಒಂಬತ್ತು ಮಂದಿ ದೊಡ್ಡವರು ಒಟ್ಟಿಗೆ ಹೊರಟರೆ ‘ಗ್ರೂಪ್‌ಸೇವ್’ನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ, ಅದಕ್ಕೆ ಕಾರ್ಡೂ ಬೇಡ. ಒಬ್ಬರೋ ಇಬ್ಬರೋ ಆಗಿ ಆಗಾಗ ಸುತ್ತುವವರಿಗೆ ರಿಯಾಯಿತಿ ಕೊಡುವ ನೆಟ್‌ವರ್ಕ್ ರೈಲ್‌ಕಾರ್ಡ್ ಒಳ್ಳೆಯದು. ಆದರೆ ವಾರದ ದಿನಗಳಲ್ಲಿ ಬೆಳಿಗ್ಗೆ 10ರ ನಂತರ ಮಾತ್ರ, ಅದೂ ಕನಿಷ್ಠ 13 ಪೌಂಡ್ ದರದ ಮಿತಿಯೊಂದಿಗೆ. ಶನಿವಾರ, ಭಾನುವಾರ ಈ ಎರಡೂ ಕಟ್ಟುಪಾಡು ಇಲ್ಲ.

ಬೆಳಗಿನ ಮೊದಲ ನರ್ತಕಿ

ರೈಲಿಗೆ ಇಪ್ಪತ್ತು ನಿಮಿಷ ಮುಂಚೆ ವಿಕ್ಟೋರಿಯಾ ತಲುಪಿ, ನಿಲ್ದಾಣದಿಂದ ಹೊರಬಂದು ವಿಕ್ಟೋರಿಯಾ ಸ್ಟ್ರೀಟ್ ಕಡೆ ನಿಂತು ತಲೆ ಎತ್ತಿ. ವಿಕ್ಟೋರಿಯಾ ಪ್ಯಾಲೆಸ್ ಥಿಯೇಟರಿನ ಗುಮ್ಮಟದ ತುದಿಯಲ್ಲಿ ಚಿನ್ನದ ಬಣ್ಣದ ಹೆಣ್ಣೊಬ್ಬಳು ನಿಂತಿದ್ದಾಳೆ. ಅದು ರಷ್ಯದ ಹೆಸರಾಂತ ಬ್ಯಾಲೆ ನರ್ತಕಿ ಆನ್ನಾ ಪಾವ್ಲೋವಾ. ಪ್ರತಿದಿನ ಅದರ ಕೆಳಗೆ ಓಡುವವರಲ್ಲಿ ಹೆಚ್ಚಿನವರಿಗೆ ಅದು ಯಾರೆಂದು ತಿಳಿಯದು. ಥಿಯೇಟರ್ 1911ರಲ್ಲಿ ತೆರೆಯಿತು; ಪಾವ್ಲೋವಾರನ್ನು ಲಂಡನ್ನಿನ ರಂಗಕ್ಕೆ ತಂದ ಆಲ್‌ಫ್ರೆಡ್ ಬಟ್ ಅವರೇ ಅವರ ಗೌರವಕ್ಕೆ ಈ ಪ್ರತಿಮೆ ಏರಿಸಿದರು. ಮೇಲೆ ಬೆಳಗುತ್ತಿದ್ದ ತನ್ನದೇ ಮೂರ್ತಿ ನೋಡಲು ಪಾವ್ಲೋವಾರಿಗೆ ಅಂಜಿಕೆ, ಅತ್ತ ಹಾಯುವಾಗ ಕಾರಿನ ಪರದೆ ಎಳೆದುಕೊಳ್ಳುತ್ತಿದ್ದರು ಎಂದು ಹೇಳುತ್ತಾರೆ. ಮೂಲ ಪ್ರತಿಮೆಯನ್ನು 1939ರಲ್ಲಿ, ಯುದ್ಧದ ಭಯಕ್ಕೆ ಕೆಳಗಿಳಿಸಿದರು. ಅದು ಆಮೇಲೆ ಸಿಗಲೇ ಇಲ್ಲ. ಈಗಿರುವುದು 2006ರಲ್ಲಿ ಕೂರಿಸಿದ ಪ್ರತಿರೂಪ.

ಕಟ್ಟಡದ ಬುಡದಲ್ಲಿ ನಿಂತರೆ ಅಂಚು ಅಡ್ಡಬಂದು ಏನೂ ಕಾಣದು. ರಸ್ತೆಯ ಆಚೆ ಬದಿಯಿಂದ ನೋಡಿ. ಬೈನಾಕ್ಯುಲರ್ ಇಲ್ಲೇ ಮೊದಲು ಕೆಲಸಕ್ಕೆ ಬರುತ್ತದೆ. ನಿಲ್ದಾಣದ ಶೌಚಾಲಯ ಉಚಿತ, ಅದನ್ನೂ ಮುಗಿಸಿಕೊಂಡು ಹತ್ತಿ.

ಪ್ರತಿಮೆಯ ಮುಂದೆ

ರೈಗೇಟಿನಲ್ಲಿ ಇಳಿದವರಿಗೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪೇಟೆ. ಗುಡ್ಡಕ್ಕೆ ಬೆನ್ನು ಹಾಕಿ ಲಂಡನ್ ರೋಡ್ ಹಿಡಿದು ಪೇಟೆಯ ಕಡೆ ನಡೆಯಿರಿ. ಐದರಿಂದ ಹತ್ತು ನಿಮಿಷದ ನಡಿಗೆಯಲ್ಲಿ, ರಸ್ತೆಯ ಬದಿಯಲ್ಲೇ ಪ್ರತಿಮೆ ಸಿಗುತ್ತದೆ. ದೊಡ್ಡ ವೃತ್ತ, ಕಾರಂಜಿ, ಕಬ್ಬಿಣದ ಬೇಲಿ ಹುಡುಕುತ್ತ ಹೋದವರು ಇದನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ. ಕಚೇರಿ ಕಟ್ಟಡಗಳ ನಡುವೆ, ವಾಹನಗಳ ಸದ್ದಿನಲ್ಲಿ ಅವರು ನಿಂತಿದ್ದಾರೆ.

ಮಾಡಿದವರು ಶಿಲ್ಪಿ ನೇಥನ್ ಡೇವಿಡ್. ಲೋಕದ ನಾನಾ ಕಡೆಯ ಅಭಿಮಾನಿಗಳು ಸೇರಿ ಮಾಡಿಸಿದ್ದು. 1980ರಲ್ಲಿ ಫಾಂಟೇನ್ ಅವರೇ ಬಂದು ಅನಾವರಣ ಮಾಡಿದರು. ಆಗ ಅವರಿಗೆ 60 ದಾಟಿತ್ತು. ತನ್ನ ಮೂವತ್ತೊಂಬತ್ತರ ಪಾತ್ರವನ್ನು ಕಂಚಿನಲ್ಲಿ ಎದುರು ನಿಂತು ನೋಡಿದರು ಎಂದಾಯಿತು.

ನೋಡುವುದಕ್ಕೆ ಒಂದು ಕ್ರಮ ಇಟ್ಟುಕೊಂಡರೆ ಹೆಚ್ಚು ಸಿಗುತ್ತದೆ. ಮೊದಲು ಕ್ಯಾಮೆರಾ ಒಳಗಿಡಿ. ಪೂರ್ತಿ ಒಂದು ಸುತ್ತು ಬನ್ನಿ, ಸಾವಕಾಶವಾಗಿ, ಪಾದಚಾರಿ ಮಾರ್ಗದ ಮೇಲೇ. ಹಿಂದೆ ಹಿಂದೆ ಸರಿಯುತ್ತ ರಸ್ತೆಗೆ ಇಳಿಯಬೇಡಿ, ಅದು ಎ217 ಹೆದ್ದಾರಿ. ಸುತ್ತುವಾಗ ದೇಹದ ಭಾರ ಎಲ್ಲಿ ಬಿದ್ದಿದೆ ಎಂದು ಹುಡುಕಿ. ಭರತನಾಟ್ಯ ನೋಡಿ ಬೆಳೆದ ಕಣ್ಣು ಅರಮಂಡಿಯನ್ನು ಹುಡುಕುತ್ತದೆ. ನಮ್ಮಲ್ಲಿ ಭಾರ ನೆಲಕ್ಕಿಳಿಯುತ್ತದೆ, ಹೆಜ್ಜೆ ನೆಲವನ್ನು ಮಾತಾಡಿಸುತ್ತದೆ. ಬ್ಯಾಲೆಯಲ್ಲಿ ನಡು ಮೇಲಕ್ಕೆಳೆದು ನೆಲವನ್ನು ಮರೆಸುವುದೇ ವಿದ್ಯೆ. ಈ ಎರಡೂ ಕಣ್ಣಿಟ್ಟುಕೊಂಡು ನೋಡುವುದು ಹೊಸತೇನೂ ಅಲ್ಲ. ಬೆಂಗಳೂರಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಹೆಸರಾಗಿ 2003ರಲ್ಲಿ ಅಲ್ಲೇ ತೀರಿಕೊಂಡ ರಾಮ್ ಗೋಪಾಲ್, 1960ರಲ್ಲಿ ಬ್ಯಾಲೆರಿನಾ ಅಲಿಸಿಯಾ ಮಾರ್ಕೋವಾ ಜತೆ ರಾಧಾ-ಕೃಷ್ಣ ಯುಗಳನೃತ್ಯವನ್ನೇ ಮಾಡಿದ್ದರು.

ಎರಡನೇ ಸುತ್ತಿನಲ್ಲಿ ಕತ್ತಿನಿಂದ ಬೆರಳ ತುದಿಯವರೆಗಿನ ಗೆರೆ ನೋಡಿ. ಫಾಂಟೇನ್ ಅವರ ಹೆಸರು ನಿಂತಿದ್ದು ಕಾಲನ್ನು ಕಿವಿಯವರೆಗೆ ಎತ್ತುವುದರಿಂದಲ್ಲ. ಇಂದಿನ ಹದಿನಾರರ ವಿದ್ಯಾರ್ಥಿನಿ ಅವರಿಗಿಂತ ಎತ್ತರ ಎತ್ತುತ್ತಾಳೆ. ತಲೆ, ಹೆಗಲು, ತೋಳು, ಬೆನ್ನು ಒಂದೇ ವಾಕ್ಯವಾಗಿ ಮುಗಿಯುವ ಅಳತೆ, ಸಂಗೀತದ ಒಳಗೇ ಉಸಿರಾಡುವ ನಿಧಾನ — ಇವು ಅವರ ಬಂಡವಾಳ. ಪಾದಗಳು ಅವರ ಬಲವಾಗಿರಲಿಲ್ಲ. ಆಶ್ಟನ್ ಅವನ್ನು ಬೆಣ್ಣೆಮುದ್ದೆ ಎಂದು ಹಾಸ್ಯ ಮಾಡುತ್ತಿದ್ದರಂತೆ. ಅದಕ್ಕೇ ಅವರಿಗಾಗಿ ಕಟ್ಟಿದ ಪಾತ್ರಗಳಲ್ಲಿ ಮೈಯ ಮೇಲ್ಭಾಗಕ್ಕೆ ಅಷ್ಟು ಕೆಲಸ. ಪ್ರತಿಮೆಯ ಮುಂದೆ ನಿಂತು ಕಣ್ಣು ಮೊದಲು ಪಾದಕ್ಕೆ ಹೋಯಿತೋ ಕೈಗೆ ಹೋಯಿತೋ ಎಂದು ಕೇಳಿಕೊಳ್ಳಿ.

ಮೂರನೆಯದು ನೆರಳು. ಬಿಸಿಲಿದ್ದರೆ ಪ್ರತಿಮೆಯ ನೆರಳು ನೆಲದ ಮೇಲೆ ಎಲ್ಲಿ ಬೀಳುತ್ತದೆ ಎಂದು ನೋಡಿ, ಫೋಟೋದಲ್ಲಿ ಅದನ್ನೂ ಸೇರಿಸಿ. ನೆರಳಿನ ನೃತ್ಯ ನೋಡಿ ಬಂದವರಿಗೆ ಅದೇಕೆಂದು ಹೇಳಬೇಕಿಲ್ಲ. ಮಳೆ ಬಂದರೆ ಬೇಸರ ಬೇಡ. ಜಲಕನ್ಯೆಯ ಕಂಚು ತೊಯ್ದಾಗಲೇ ಚೆಂದ, ಒಣ ದಿನ ಮಂಕಾಗಿ ಕಾಣುವ ಮಡಿಕೆಗಳೆಲ್ಲ ಹೊಳೆಯುತ್ತವೆ.

ಫೋಟೋ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಕೆಳಗೆ ಕೂತು ಮೇಲಕ್ಕೆ ತೆಗೆಯುವುದು. ಹಿನ್ನೆಲೆಯಲ್ಲಿ ಬಿಳಿ ಆಕಾಶ ಬಂದು ಫೋನ್ ಅದರ ಬೆಳಕಿಗೆ ಲೆಕ್ಕ ಹಾಕುತ್ತದೆ, ಕಂಚು ಕಪ್ಪು ಮುದ್ದೆಯಾಗುತ್ತದೆ. ಪರದೆಯ ಮೇಲೆ ಪ್ರತಿಮೆಯ ಮುಖವನ್ನು ಮುಟ್ಟಿ, ಬೆಳಕನ್ನು +0.7ರಿಂದ +1ರವರೆಗೆ ಏರಿಸಿ. ಇನ್ನೊಂದು, ತೀರ ಹತ್ತಿರದಿಂದ ಅಗಲ ಮಸೂರದಲ್ಲಿ ತೆಗೆಯುವುದು. ಮುಂದಿರುವ ಕೈ ಉದ್ದವಾಗಿ ತಲೆ ಚಿಕ್ಕದಾಗುತ್ತದೆ; ಅಳತೆಗೆ ಹೆಸರಾದವರ ಅಳತೆಯನ್ನೇ ಕೆಡಿಸಿದಂತೆ. ನಾಲ್ಕೈದು ಹೆಜ್ಜೆ ಹಿಂದೆ ಸರಿದು 2 ಅಥವಾ 3 ಪಟ್ಟು ಜೂಮ್ ಬಳಸಿ. ಹಿಂದಿನ ಕಟ್ಟಡದ ಕಿಟಕಿಗಳು ತೊಂದರೆ ಕೊಟ್ಟರೆ ಮರದ ಹಸಿರು ಹಿನ್ನೆಲೆಗೆ ಬರುವವರೆಗೆ ಪಕ್ಕಕ್ಕೆ ಸರಿಯಿರಿ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ಚಳಿಗಾಲದಲ್ಲಿ ಪ್ರತಿಮೆಯನ್ನು ಸಂಜೆಗೆ ಇಟ್ಟುಕೊಳ್ಳಬೇಡಿ.

ಊರು, ಊಟ, ಗುಡ್ಡ

ಪ್ರತಿಮೆಯಿಂದ ಅದೇ ರಸ್ತೆಯಲ್ಲಿ ಮುಂದೆ ಹೋದರೆ ಕೋಟೆಯ ದಿಬ್ಬ. ನಾರ್ಮನ್ ಕಾಲದ ಕೋಟೆಯಲ್ಲಿ ಈಗ ಉಳಿದಿರುವುದು ಮಣ್ಣಿನ ಏರು ಮತ್ತು ಹುಲ್ಲು. ಹಳೆಯದರಂತೆ ಕಾಣುವ ಕಲ್ಲಿನ ಬಾಗಿಲು ನಿಜಕ್ಕೆ 1777ರದು, ನೆನಪಿಗೆಂದು ಕಟ್ಟಿದ್ದು. ಪ್ರವೇಶಕ್ಕೆ ದುಡ್ಡಿಲ್ಲ, ಬೆಂಚುಗಳಿವೆ. ದಿಬ್ಬದ ಅಡಿಯಲ್ಲಿ ಬ್ಯಾರನ್ಸ್ ಕೇವ್ ಎಂಬ ಗುಹೆ ಇದೆ; ವರ್ಷದಲ್ಲಿ ಕೆಲವೇ ದಿನ ತೆರೆಯುತ್ತದೆ. ದಿಬ್ಬದ ಕೆಳಗೆ ಹಾಯುವ ಸುರಂಗ 1823ರದು, ಈಗ ನಡೆಯುವವರಿಗೆ ಮಾತ್ರ. ಅದರಿಂದ ಹೊರಬಿದ್ದರೆ ಪೇಟೆಬೀದಿ, ಎದುರಿಗೆ 1728ರ ಇಟ್ಟಿಗೆಯ ಹಳೆಯ ಟೌನ್ ಹಾಲ್. ಪುಸ್ತಕದ ಹುಚ್ಚಿರುವವರಿಗೆ ಸೇಂಟ್ ಮೇರಿ ಚರ್ಚಿನಲ್ಲಿ 1701ರ ಕ್ರಾನ್‌ಸ್ಟನ್ ಲೈಬ್ರರಿ ಇದೆ, ತೆರೆದಿರುವ ಹೊತ್ತು ಮೊದಲೇ ವಿಚಾರಿಸಿ. ಉಳಿದವರು ಬಿಡಬಹುದು.

ಊಟಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಪೇಟೆಬೀದಿಯಲ್ಲಿ ಕೆಫೆಗಳಿವೆ, ಬೆಲ್ ಸ್ಟ್ರೀಟ್‌ನಲ್ಲಿ ಸೂಪರ್‌ಮಾರ್ಕೆಟ್ ಇದೆ. ಸಸ್ಯಾಹಾರಿಗಳು ಪೊಟ್ಟಣದ ಮೇಲಿನ ಗುರುತು ನೋಡಿ ತೆಗೆದುಕೊಳ್ಳಿ. ಚೀಸ್ ಇದ್ದ ಮಾತ್ರಕ್ಕೆ ಸಸ್ಯಾಹಾರಿ ಎಂದಲ್ಲ. ಮನೆಯಿಂದ ಚಪಾತಿ ಸುತ್ತಿಕೊಂಡು ಬಂದವರಿಗೆ ಪ್ರಯರಿ ಪಾರ್ಕಿನ ಕೆರೆದಂಡೆ ಒಳ್ಳೆಯ ಜಾಗ, ಶೌಚಾಲಯವೂ ಅಲ್ಲಿದೆ. ಪ್ರಯರಿ ಎಂಬ ಹಳೆಯ ಮಠದ ಕಟ್ಟಡ ಶಾಲೆಯಾಗಿರುವುದರಿಂದ ಒಳಗೆ ಹೋಗುವಂತಿಲ್ಲ.

ಮಧ್ಯಾಹ್ನ ಎರಡೂವರೆ ಗಂಟೆ ಕೈಯಲ್ಲಿದ್ದು ಮಂಡಿ ಗಟ್ಟಿಯಿದ್ದರೆ ರೈಗೇಟ್ ಹಿಲ್ ಹತ್ತಿ. ನಿಲ್ದಾಣದ ಬಳಿಯ ರೈಲ್ವೆ ಗೇಟು ದಾಟಿ ಉತ್ತರಕ್ಕೆ, ಅರ್ಧ ಗಂಟೆಯ ಮೇಲೆ ಸ್ವಲ್ಪ. ಏರು ಕೊನೆಕೊನೆಗೆ ಕಡಿದಾಗುತ್ತದೆ. ಮೇಲೆ ಹುಲ್ಲುಗಾವಲು, 1909ರ ಇಂಗ್ಲಿಸ್ ಸ್ಮಾರಕ. ಕಂಬಗಳ ಮಂಟಪದ ಕೆಳಗೆ ನಿಂತು ತಲೆ ಎತ್ತಿದರೆ ಛಾವಣಿಯಲ್ಲಿ ನಕ್ಷತ್ರಗಳ ನೀಲಿ ಆಕಾಶ. ತಿಳಿ ದಿನ ದಕ್ಷಿಣಕ್ಕೆ ಕಣ್ಣು ಬಹಳ ದೂರ ಹೋಗುತ್ತದೆ. ಅಲ್ಲಿಂದ ಪೂರ್ವಕ್ಕೆ ಸ್ವಲ್ಪ ನಡೆದರೆ, ಫ್ರಾನ್ಸಿನ ದಾಳಿಯ ಭಯಕ್ಕೆ 19ನೇ ಶತಮಾನದ ಕೊನೆಯಲ್ಲಿ ಕಟ್ಟಿದ ರೈಗೇಟ್ ಫೋರ್ಟ್. ಇದಕ್ಕೂ ಬ್ಯಾಲೆಗೂ ಏನು ಸಂಬಂಧ ಎಂದರೆ, ಏನೂ ಇಲ್ಲ. ರಾತ್ರಿ ಮೂರು ಗಂಟೆ ಕೂರುವವರ ಬೆನ್ನಿಗೆ ಇದು ಬೇಕು, ಅಷ್ಟೆ.

ಇಲ್ಲಿನ ಮಣ್ಣು ಸುಣ್ಣಕಲ್ಲಿನದು. ಮಳೆಯಾದ ಮೇಲೆ ಸಾಬೂನಿನ ಹಾಗೆ ಜಾರುತ್ತದೆ, ಬಿಳಿ ಕೆಸರು ಪ್ಯಾಂಟಿನ ಅಂಚಿಗೆ ಹಿಡಿದರೆ ಬಿಡದು. ಹಿಡಿತವಿರುವ ಶೂ ಹಾಕಿ, ರಾತ್ರಿಗೆ ಬೇರೆ ಜೋಡಿಯನ್ನು ಚಿಕ್ಕ ಚೀಲದಲ್ಲಿ ಒಯ್ಯಿರಿ. ದೊಡ್ಡ ಬೆನ್ನುಚೀಲ ಬೇಡ, ಸಭಾಂಗಣದಲ್ಲಿ ಅದಕ್ಕೆ ಜಾಗವಿಲ್ಲ. ಹತ್ತಲಾಗದವರು, ಚಿಕ್ಕ ಮಕ್ಕಳಿರುವವರು ಗುಡ್ಡ ಬಿಟ್ಟು ಪಾರ್ಕಿನಲ್ಲೇ ಇರಿ. ಅರ್ಧ ಹತ್ತಿ ಗಡಿಯಾರ ನೋಡಿಕೊಂಡು ಇಳಿಯುವುದರಲ್ಲಿ ಸುಖವಿಲ್ಲ.

ವಾಪಸ್ಸು, ಸಂಜೆ

ಪ್ರದರ್ಶನ ಏಳೂವರೆಗಿದ್ದರೆ ನಾಲ್ಕೂ ಮುಕ್ಕಾಲರ ಸುಮಾರಿಗೆ ರೈಗೇಟ್ ಬಿಡಿ. ಒಂದು ರೈಲು ತಪ್ಪಿದರೂ ಇನ್ನೊಂದಕ್ಕೆ ಜಾಗವಿರಬೇಕು. ಟಿಕೆಟ್ ಮೇಲಿನ ಸಮಯ ಮತ್ತೊಮ್ಮೆ ನೋಡಿ. ಕೆಲವು ದಿನ ಏಳಕ್ಕೇ ಶುರು. ತಡವಾಗಿ ಬಂದವರನ್ನು ಸರಿಯಾದ ಬಿಡುವು ಬರುವವರೆಗೆ ಒಳಗೆ ಬಿಡುವುದಿಲ್ಲ, ಆ ಬಿಡುವು ಎಂದರೆ ಹಲವು ಸಲ ಇಡೀ ಒಂದು ಅಂಕ.

ವಿಕ್ಟೋರಿಯಾದಿಂದ ವಿಕ್ಟೋರಿಯಾ ಲೈನಿನಲ್ಲಿ ಗ್ರೀನ್ ಪಾರ್ಕ್, ಅಲ್ಲಿ ಪಿಕಡಿಲಿ ಲೈನಿಗೆ ಬದಲಿಸಿ ಕಾವೆಂಟ್ ಗಾರ್ಡನ್. ಶನಿವಾರ ಸಂಜೆ ಆ ನಿಲ್ದಾಣದ ಲಿಫ್ಟಿನ ಮುಂದೆ ಜಾತ್ರೆ. ಸಾಲು ಕಂಡು ಮೆಟ್ಟಿಲ ಕಡೆ ತಿರುಗಿದವರು 193 ಮೆಟ್ಟಿಲು ಹತ್ತಬೇಕು, ಗುಡ್ಡ ಹತ್ತಿ ಬಂದ ಕಾಲಿಗೆ ಅದು ಶಿಕ್ಷೆ. ಒಂದು ನಿಲ್ದಾಣ ಮೊದಲೇ ಲೆಸ್ಟರ್ ಸ್ಕ್ವೇರಿನಲ್ಲಿ ಇಳಿದು ಎಸ್ಕಲೇಟರಿನಲ್ಲಿ ಮೇಲೆ ಬಂದು ಲಾಂಗ್ ಏಕರ್ ಹಿಡಿದು ನಡೆಯುವುದು ಲೇಸು. ಆ ಬೀದಿಯ 118ನೇ ಸಂಖ್ಯೆಯ ಕಟ್ಟಡದ ಮೇಲೆ ನೀಲಿ ಫಲಕ ಇದೆ: ಫಾಂಟೇನ್ ಇಲ್ಲಿ ಒಂದು ಫ್ಲ್ಯಾಟಿನಲ್ಲಿ ವಾಸವಿದ್ದರು. ಆಪೆರಾ ಹೌಸ್‌ನಿಂದ ಮನೆಗೆ ಕೆಲವೇ ನಿಮಿಷದ ನಡಿಗೆ. ಹುಟ್ಟಿದೂರನ್ನೂ ದುಡಿದ ಊರನ್ನೂ ಒಂದೇ ದಿನ ನೋಡಿದಾಗ, ಅವರ ಬದುಕಿನ ಭಾರ ಎತ್ತ ಬಿದ್ದಿತ್ತು ಎಂಬುದು ತಿಳಿಯುತ್ತದೆ.

ಬೋ ಸ್ಟ್ರೀಟಿಗೆ ಬಂದು ಆಪೆರಾ ಹೌಸ್‌ಗೆ ಬೆನ್ನು ಹಾಕಿ ಎದುರಿನ ಬ್ರಾಡ್ ಕೋರ್ಟ್ ಕಡೆ ನೋಡಿ. ಕೆಂಪು ಟೆಲಿಫೋನ್ ಗೂಡುಗಳ ಬಳಿ ಎಂಜೊ ಪ್ಲಾಜೊಟ್ಟಾ ಮಾಡಿದ ಕಂಚಿನ ಹುಡುಗಿ ಕೂತಿದ್ದಾಳೆ, ‘ಯಂಗ್ ಡ್ಯಾನ್ಸರ್’. ರೈಗೇಟಿನದು ಪಾತ್ರ, ಇದು ಪಾತ್ರಕ್ಕೆ ಮೊದಲಿನ ಕ್ಷಣ. ಹೆಸರಿಲ್ಲ, ಮುಕುಟವಿಲ್ಲ, ಕೂತು ಕಾಲಿನ ಕಡೆ ಗಮನ ಕೊಟ್ಟಿರುವ ಅಭ್ಯಾಸದ ಹುಡುಗಿ. ಬೆಳಿಗ್ಗೆ ಚಿನ್ನ, ಮಧ್ಯಾಹ್ನ ಕಂಚು, ಸಂಜೆ ಇವಳು. ಮೂರರಲ್ಲಿ ಕೆಲಸ ಬಲ್ಲವರಿಗೆ ಹತ್ತಿರವಾಗುವುದು ಇವಳೇ.

ಒಳಗೆ ಅರ್ಧ ಗಂಟೆ ಮುಂಚೆ ಹೋಗಿ. ಶಿಷ್ಟ ಉಡುಪು ಬೇಕೆಂಬ ನಿಯಮವಿಲ್ಲ, ಸೀರೆಯೂ ಸರಿ, ಜೀನ್ಸೂ ಸರಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಈ ಕಟ್ಟಡ ಜನ ಜೋಡಿಯಾಗಿ ಕುಣಿಯುವ ಡ್ಯಾನ್ಸ್ ಹಾಲ್ ಆಗಿತ್ತು. 1946ರ ಫೆಬ್ರವರಿ 20ರಂದು ಮತ್ತೆ ರಂಗಮಂದಿರವಾಗಿ ತೆರೆದಾಗ ಆಡಿದ್ದು ಸ್ಲೀಪಿಂಗ್ ಬ್ಯೂಟಿ, ಅದರ ನಾಯಕಿ ಅರೋರಾ ಆಗಿದ್ದವರು ಫಾಂಟೇನ್. 1962ರ ಫೆಬ್ರವರಿ 21ರಂದು ರಷ್ಯದ ನರ್ತಕ ನುರೆಯೇವ್ ಜತೆ ಮೊದಲ ಸಲ ಜಿಸೆಲ್ ಬ್ಯಾಲೆ ಆಡಿದ್ದೂ ಇದೇ ಹಲಗೆಗಳ ಮೇಲೆ; ಅವರಿಗೆ 42, ಅವನಿಗೆ 23. ನೀವು ನೋಡಲು ಬಂದ ಕೃತಿ ಯಾವುದೇ ಇರಲಿ, ರೈಗೇಟಿನ ಪ್ರತಿಮೆಯಲ್ಲಿ ಹುಡುಕಿದ್ದನ್ನೇ ಇಲ್ಲೂ ಹುಡುಕಿ: ಭಾರ ಎಲ್ಲಿ, ಗೆರೆ ಎಲ್ಲಿ ಮುಗಿಯಿತು, ಕಣ್ಣು ಪಾದಕ್ಕೆ ಹೋಯಿತೋ ಕೈಗೋ. ಚಪ್ಪಾಳೆಗೆ ಸಭೆಯನ್ನು ಅನುಸರಿಸಿ. ನಡುನಡುವೆ ಒಬ್ಬಂಟಿ ನೃತ್ಯ ಮುಗಿದಾಗ ತಟ್ಟುವುದು ಇಲ್ಲಿ ತಪ್ಪಲ್ಲ. ಫೋನಿನ ಬೆಳಕು ಮಾತ್ರ ತಪ್ಪು.

ಮುಗಿದ ಮೇಲೆ ನರ್ತಕರನ್ನು ನೋಡಬೇಕೆಂದರೆ ಅವರು ಓಡಾಡುವ ಬಾಗಿಲು, ಸ್ಟೇಜ್ ಡೋರ್, ಫ್ಲೋರಲ್ ಸ್ಟ್ರೀಟ್‌ನಲ್ಲಿದೆ. ಬಣ್ಣ ತೆಗೆದು, ಸ್ನಾನ ಮುಗಿಸಿ ಬರಲು ಅರ್ಧ ಗಂಟೆಯಾದರೂ ಬೇಕು. ಕಾರ್ಯಕ್ರಮ ಪುಸ್ತಿಕೆಗೆ ಸಹಿ ಹಾಕಿಸುವುದಾದರೆ ಮಾರ್ಕರ್ ಪೆನ್ನು ಒಯ್ಯಿರಿ, ನುಣುಪು ಕಾಗದದ ಮೇಲೆ ಬಾಲ್‌ಪೆನ್ನು ಜಾರುತ್ತದೆ. ಫೋಟೋಕ್ಕೆ ಮೊದಲು ಕೇಳಿ. ಮರುದಿನ ಬೆಳಿಗ್ಗೆ ಅವರಿಗೆ ಮತ್ತೆ ಕ್ಲಾಸ್ ಇರುತ್ತದೆ, ನಿಲ್ಲಿಸಿಕೊಳ್ಳಬೇಡಿ. ಕಾಯುವಷ್ಟು ಹೊತ್ತು ಬೀದಿಯ ಮೇಲ್ಗಡೆ ನೋಡಿ. ಎರಡು ಕಟ್ಟಡಗಳ ನಡುವೆ, ನಾಲ್ಕನೇ ಮಹಡಿಯ ಎತ್ತರದಲ್ಲಿ, ಬೀಸಣಿಗೆಯ ಮಡಿಕೆಗಳಂತೆ ತಿರುಚಿಕೊಂಡ ಗಾಜಿನ ಸೇತುವೆಯಿದೆ. ಒಂದು ತುದಿಯಲ್ಲಿ ರಾಯಲ್ ಬ್ಯಾಲೆ ಸ್ಕೂಲ್, ಇನ್ನೊಂದು ತುದಿಯಲ್ಲಿ ಆಪೆರಾ ಹೌಸ್. 2003ರಲ್ಲಿ ಕಟ್ಟಿದ್ದು. ಹಗಲು ಹೊತ್ತಿನಲ್ಲಿ ಬಂದರೆ ವಿದ್ಯಾರ್ಥಿಗಳು ಅದರೊಳಗೆ ಆಚೆ ಈಚೆ ಓಡಾಡುವುದು ಕೆಳಗಿನಿಂದಲೇ ಕಾಣುತ್ತದೆ.